ಅಪ್‌ಡೇಟ್: ನರ್ಸರಿ ಪೈನ್ ಗಿಡ ಬದುಕಿದೆ!

ನರ್ಸರಿಯಿಂದ ತಂದ ಪೈನ್ ಗಿಡವನ್ನು ಬೋನ್ಸಾಯ್ ಮಾಡಬೇಕು, ಕೊಂಬೆ ಸವರಿ ಬೇರನ್ನೂ ಒಟ್ಟಿಗೇ ತೊಳೆದುಬಿಡಲಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ. ಎರಡನ್ನೂ ಒಂದೇ ವರ್ಷ ಮಾಡಬೇಡಿ ಅಂದಿರಿ, ಕೇಳಿದ್ದು ಒಳ್ಳೆಯದಾಯಿತು.

ಮೊಗ್ಗು ಉಬ್ಬುವ ಹೊತ್ತಿಗೆ ಕುಂಡ ಬದಲಿಸಿದೆ. ಬೇರಿನ ಮುದ್ದೆಯಲ್ಲಿ ಅರ್ಧ ಭಾಗದ ಹಳೇ ಮಣ್ಣನ್ನಷ್ಟೇ ಕಡ್ಡಿಯಿಂದ ಕೆದಕಿ ತೆಗೆದೆ. ಒಳಗೆ ಬಿಳಿ ಬೂಷ್ಟಿನಂಥದ್ದು ಕಂಡು ಎದೆ ಧಸಕ್ಕೆಂದಿತು. ನೋಡಿದರೆ ಅದು ಬೇರಿಗೆ ನೀರು, ರಂಜಕ ಒದಗಿಸುವ ಮೈಕೊರೈಜಾ ಶಿಲೀಂಧ್ರ! ಪೂರ್ತಿ ತೊಳೆದಿದ್ದರೆ ನಾನೇ ಗಿಡಕ್ಕೆ ಕುತ್ತು ತರುತ್ತಿದ್ದೆ.

ಒಂದು ತಪ್ಪಂತೂ ಆಯಿತು. ಕೈ ತಡೆಯದೆ ಒಂದೇ ಒಂದು ಕೊಂಬೆಯನ್ನು ಸೂಜಿ ಎಲೆ ಒಂದೂ ಉಳಿಯದಂತೆ ಮೋಟು ಮಾಡಿದೆ. ಅದು ಮತ್ತೆ ಚಿಗುರಲೇ ಇಲ್ಲ, ಒಣಗಿಹೋಯಿತು. ಉಳಿದ ಕೊಂಬೆಗಳ ತುದಿಯಲ್ಲಿ ಮೇಣದಬತ್ತಿಯಂಥ ಚಿಗುರು ನೆಟ್ಟಗೆ ನಿಂತಿವೆ. ಕೊಂಬೆ ಬಾಗಿಸಿ ಆಕಾರ ಕೊಡಲು ತಂತಿ ಸುತ್ತುವುದು ಮುಂದಿನ ವರ್ಷ, ಕೈ ಎಷ್ಟೇ ತುರಿಸಲಿ.