‘ಲೇಶ ಖನಿಜ’, ‘ಮಟ್ಟ’, ‘ಜನನ ಫಲಿತಾಂಶ’: ಈ ಪದಗಳು ಹೊಂದುತ್ತವೆಯೆ?

ಮಾನ್ಯರೆ,

ಗರ್ಭಿಣಿಯರ ರಕ್ತದಲ್ಲಿರುವ ಸತು, ತಾಮ್ರ, ಸೆಲೆನಿಯಂ ಮೊದಲಾದವುಗಳಿಗೂ ಹುಟ್ಟುವ ಮಗುವಿನ ತೂಕಕ್ಕೂ ಇರುವ ನಂಟನ್ನು ಕುರಿತ ಲೇಖನವೊಂದನ್ನು ಆಶಾ ಕಾರ್ಯಕರ್ತೆಯರಿಗಾಗಿ ಕನ್ನಡಕ್ಕೆ ತರುತ್ತಿದ್ದು, ಮೂರು ಪದಗಳ ವಿಚಾರದಲ್ಲಿ ತಮ್ಮ ಸಲಹೆ ಕೋರುತ್ತಿದ್ದೇನೆ.

ದೇಹಕ್ಕೆ ತೀರ ಅಲ್ಪ ಪ್ರಮಾಣದಲ್ಲಿ ಬೇಕಾಗುವ ಖನಿಜ, ಅಂದರೆ ಟ್ರೇಸ್ ಮಿನರಲ್ ಎಂಬುದಕ್ಕೆ ‘ಲೇಶ ಖನಿಜ’ ಎನ್ನಬಹುದಾದರೂ, ‘ಲೇಶವೂ ಅನುಮಾನವಿಲ್ಲ’ ಎಂಬಂತೆ ಆ ಪದವನ್ನು ನಾವು ಹೆಚ್ಚಾಗಿ ಇಲ್ಲವೆನ್ನುವುದಕ್ಕೇ ಬಳಸುವುದರಿಂದ, ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೇ ಬೇಕು ಎಂಬ ಮಾತಿನ ಒತ್ತು ಅದರಲ್ಲಿ ಕರಗಿಹೋಗುತ್ತದೆ. ‘ಸೂಕ್ಷ್ಮ ಪೋಷಕಾಂಶ’ ರೂಢಿಯಲ್ಲಿದೆ. ಆದರೆ ಫೋಲಿಕ್ ಆಮ್ಲದಂತಹ ವಿಟಮಿನ್‌ಗಳೂ ಅದರಲ್ಲಿ ಸೇರುತ್ತವೆ. ಸದ್ಯಕ್ಕೆ ‘ಕಿರುಖನಿಜ’ ಎಂದು ಬರೆದುಕೊಂಡಿದ್ದೇನೆ.

ಹೆಚ್ಚು ಕಾಡುತ್ತಿರುವುದು ‘ಮಟ್ಟ’. ಬಸುರಿನಲ್ಲಿ ರಕ್ತದ ದ್ರವಭಾಗ ಹೆಚ್ಚುವುದರಿಂದ ಅದರಲ್ಲಿ ಅಳೆದು ನೋಡುವ ಸತುವಿನ ಮಟ್ಟ ಸಹಜವಾಗಿಯೇ ಇಳಿಯುತ್ತದೆ. ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನು ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಹೆಚ್ಚುವ ಕಾರಣ ತಾಮ್ರದ ಮಟ್ಟ ಏರುತ್ತದೆ. ಸತುವಿನ ಇಳಿತ ಪಾನಕದ ಹಾಗೆ: ನೀರು ಬೆರೆಸಿದರೆ ಸಿಹಿ ಇಳಿಯುತ್ತದೆಯೇ ಹೊರತು ಬೆಲ್ಲ ಅಷ್ಟೇ ಇರುತ್ತದೆ. ಹೀಗಿರುವಾಗ ‘ಸತುವಿನ ಪ್ರಮಾಣ ಕಡಿಮೆಯಾಗಿದೆ’ ಎಂದು ಬರೆದರೆ ಓದುವವರು ಅದನ್ನು ‘ಕೊರತೆ’ ಎಂದೇ ತಿಳಿದು, ಆರೋಗ್ಯವಾಗಿರುವ ಬಸುರಿಯನ್ನು ಸುಮ್ಮನೆ ಹೆದರಿಸಿಯಾರು. ‘ಸಾಂದ್ರತೆ’ ಎನ್ನೋಣವೆಂದರೆ ಶಾಲೆಯ ಪಾಠಗಳಲ್ಲಿ ಅದು ಡೆನ್ಸಿಟಿಗೆ ಮೀಸಲಾಗಿದೆ. ‘ಮಟ್ಟ’ವನ್ನು ಅಳತೆಗೆ, ‘ಕೊರತೆ’ಯನ್ನು ದೇಹಕ್ಕೆ ನಿಜವಾಗಿ ಸಾಲದಿರುವುದಕ್ಕೆ ಮಾತ್ರ ಕಟ್ಟುನಿಟ್ಟಾಗಿ ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ.

ಇನ್ನು ಬರ್ತ್ ಔಟ್‌ಕಮ್, ಅಂದರೆ ಹೆರಿಗೆ ಹೇಗಾಯಿತು, ಮಗು ಹೇಗಿದೆ ಎಂಬುದಕ್ಕೆ ಬಳಸುವ ‘ಜನನ ಫಲಿತಾಂಶ’. ಪರೀಕ್ಷೆಗೂ ಚುನಾವಣೆಗೂ ಒಗ್ಗಿದ ಈ ಪದವನ್ನು, ಸತ್ತು ಹುಟ್ಟಿದ ಕೂಸಿನ ತಾಯಿಯ ವಿಚಾರದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ‘ಪರಿಣಾಮ’ ಎಂದರೆ ಖನಿಜವೇ ಕಾರಣವೆಂದು ಮೊದಲೇ ತೀರ್ಮಾನಿಸಿದಂತಾಗುತ್ತದೆ. ಲೇಖನ ಹೇಳುವುದಾದರೋ ನಂಟನ್ನಷ್ಟೇ. ಆದ್ದರಿಂದ ಒಂದೇ ಪದಕ್ಕೆ ಹಟ ಹಿಡಿಯದೆ, 37 ವಾರಕ್ಕೆ ಮುಂಚಿನದನ್ನು ‘ದಿನ ತುಂಬದ ಹೆರಿಗೆ’ ಎಂದೂ 2,500 ಗ್ರಾಮಿಗಿಂತ ಕಡಿಮೆಯಿರುವುದನ್ನು ‘ಕಡಿಮೆ ಹುಟ್ಟುತೂಕ’ ಎಂದೂ ಬಿಡಿಸಿ ಬರೆಯುತ್ತಿದ್ದೇನೆ. ಆದರೂ ತಲೆಬರಹಕ್ಕೆ ಇವೆಲ್ಲವನ್ನೂ ಒಳಗೊಳ್ಳುವ ಪದವೊಂದು ಬೇಕಾಗಿದೆ. ಬಾಣಂತಿತನ ಮಾಡಿಸುವ ಹಿರಿಯರ ಮಾತಿನಲ್ಲಿ ಅಂಥದ್ದನ್ನು ಕೇಳಿದವರಿದ್ದರೆ, ಯಾವ ಸೀಮೆಯ ಮಾತೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಬೇಕು.