ಥಂಡಿಯಲ್ಲಿ ಮೊಲದ ಮರಿ ಉಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಖಾನಾಪುರ ತಾಲ್ಲೂಕು): ಡಾಕ್ಟ್ರೇ, ನಮಸ್ಕಾರ. ಮನೆ ಹಿಂದೆ ಮೂರು ಹೆಣ್ಣು, ಒಂದು ಗಂಡು ಮೊಲ ಇವೆ, ನ್ಯೂಜಿಲೆಂಡ್ ವೈಟ್ ತಳಿ. ನಿನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಏಳು ಮರಿ ತಂತಿಜಾಳಿಗೆ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಎಲ್ಲವನ್ನೂ ಹಿತ್ತಲಲ್ಲಿ ಹೂತು ಬಂದೆ. ಮಗಳು ರಾತ್ರಿ ಊಟ ಮಾಡಲಿಲ್ಲ. ಶೆಡ್ಡಿಗೆ ನಾಲ್ಕೂ ಕಡೆ ತಾಡಪತ್ರಿ ಕಟ್ಟಿದ್ದೆ, ಆದರೂ ಹೀಗಾಯಿತು. ಚಳಿಗಾಲದಲ್ಲಿ ಕ್ರಾಸ್ ಮಾಡಿಸಲೇಬಾರದಾ?

ಪಶುವೈದ್ಯರು: ಮೊದಲು ಎರಡು ಮಾತು ಕೇಳುತ್ತೇನೆ, ಅಕ್ಕಾ. ತಾಯಿ ಮೊಲಕ್ಕೆ ಇದು ಮೊದಲ ಹೆರಿಗೆಯಾ? ಮರಿ ಹಾಕಲು ಪೆಟ್ಟಿಗೆ ಇಟ್ಟಿದ್ದಿರಾ?

ಪ್ರಶ್ನೆ ಕೇಳಿದವರು: ಮೊದಲನೆಯದು. ಪೆಟ್ಟಿಗೆ ಇಟ್ಟಿರಲಿಲ್ಲ ಸರ್. ಇನ್ನೂ ಒಂದು ವಾರ ಇದೆ ಅಂದುಕೊಂಡಿದ್ದೆ. ಕ್ರಾಸ್ ಮಾಡಿಸಿದ ದಿನ ಬರೆದಿಟ್ಟಿರಲಿಲ್ಲ.

ಪಶುವೈದ್ಯರು: ಅಲ್ಲೇ ತಪ್ಪಿದ್ದು. ಚಳಿಗಾಲ ಬಿಡಬೇಡಿ. ದೊಡ್ಡ ಮೊಲಕ್ಕೆ ನಮ್ಮ ಬೆಳಗಾವಿಯ ಚಳಿ ಒಳ್ಳೆಯದೇ, ಅದಕ್ಕೆ ಕಷ್ಟ ಬಿಸಿಲಿನದು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಗಂಡು ಮೊಲಗಳ ಬೀಜವೇ ಕೆಡುತ್ತದೆ, ಆಮೇಲೆ ತಿಂಗಳೆರಡು ತಿಂಗಳು ಸರಿಯಾಗಿ ಗಬ್ಬ ನಿಲ್ಲುವುದಿಲ್ಲ. ಚಳಿ ಕೊಲ್ಲುವುದು ಮರಿಗಳನ್ನು. ಹುಟ್ಟಿದಾಗ ಅವುಗಳ ಮೈಮೇಲೆ ಒಂದು ಕೂದಲೂ ಇರುವುದಿಲ್ಲ, ಕಣ್ಣು ತೆರೆಯುವುದಕ್ಕೆ ಹತ್ತು ದಿನ ಬೇಕು. ಗೂಡಿನೊಳಗೆ 30 ಡಿಗ್ರಿಗಿಂತ ಜಾಸ್ತಿ ಬೆಚ್ಚಗಿರಬೇಕು. ತಂತಿಯ ಮೇಲೆ ಬಿದ್ದರೆ ಕೆಳಗಿನಿಂದ ಗಾಳಿ ಹೊಡೆದು ಸ್ವಲ್ಪ ಹೊತ್ತಿನಲ್ಲೇ ಸೆಟೆದುಕೊಳ್ಳುತ್ತವೆ.

ಗಬ್ಬ ಸುಮಾರು 31 ದಿನ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲೇ ಬರೆಯಿರಿ. 28ನೇ ದಿನ ಪೆಟ್ಟಿಗೆ ಒಳಗೆ ಹೋಗಲಿ. ತೀರಾ ಮೊದಲೇ ಇಟ್ಟರೆ ಅದರಲ್ಲೇ ಉಚ್ಚೆ ಹೊಯ್ದು ಹಸಿ ಮಾಡುತ್ತದೆ. ಮರದ್ದೇ ಆಗಲಿ, ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ ಸಾಕು. ತಳಕ್ಕೆ ಒಣ ಮರದ ಹೊಟ್ಟು, ಮೇಲೆ ಭತ್ತದ ಹುಲ್ಲು ತುಂಬಿ ಮುಷ್ಟಿಯಿಂದ ಒಂದು ಗುಳಿ ಮಾಡಿ. ಹಸಿ ಹುಲ್ಲು, ಹಳೆ ಸೀರೆ ಬೇಡ. ಬಟ್ಟೆಯ ದಾರ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ತಾಯಿ ತನ್ನ ಹೊಟ್ಟೆಯ ಕೂದಲು ಕಿತ್ತು ಹಾಸುತ್ತದೆ. ಚೊಚ್ಚಲದ್ದು ಎಷ್ಟೋ ಸಲ ಕೀಳುವುದೇ ಇಲ್ಲ. ಆಗ ನೀವೇ ಹೊಟ್ಟೆಯಿಂದ ಮೆಲ್ಲಗೆ ಒಂದಿಷ್ಟು ತೆಗೆದು ಹಾಕಿ, ಆ ಹೊತ್ತಿನಲ್ಲಿ ಅದು ಸುಲಭವಾಗಿ ಬಿಡುತ್ತದೆ.

ಇನ್ನು ತಾಡಪತ್ರಿ. ಗಾಳಿ ಬೀಸುವ ಕಡೆ ಮಾತ್ರ ಇರಲಿ. ನಾಲ್ಕೂ ಕಡೆ ಕಟ್ಟಿದರೆ ಉಚ್ಚೆಯ ಘಾಟು ಒಳಗೇ ನಿಂತು ದೊಡ್ಡವಕ್ಕೆ ಸೀನು, ಕೆಮ್ಮು ಹಿಡಿಯುತ್ತದೆ.

ಮರಿ ಕಳೆದುಕೊಂಡ ಮೊಲಕ್ಕೆ ಎರಡು ಮೂರು ದಿನ ಹಿಂಡಿ ಕಡಿಮೆ ಮಾಡಿ, ಹುಲ್ಲು ಕೊಡಿ. ಮೊಲೆ ಗಟ್ಟಿಯಾಗಿ ಬಿಸಿ ಇದೆಯಾ ಮುಟ್ಟಿ ನೋಡಿ, ಇದ್ದರೆ ಹತ್ತಿರದ ಡಾಕ್ಟರಿಗೆ ತೋರಿಸಿ. ಸರಿಯಿದ್ದು ಚೆನ್ನಾಗಿ ತಿನ್ನುತ್ತಿದ್ದರೆ ಹತ್ತು ದಿನ ಬಿಟ್ಟು ಮತ್ತೆ ಕ್ರಾಸ್ ಮಾಡಿಸಬಹುದು. ಒಂದು ಸಲ ಹೀಗಾಯಿತು ಅಂತ ಅದನ್ನು ಮಾರಿಬಿಡಬೇಡಿ. ಮೂರು ಸಲವೂ ಹೀಗೇ ಆದರೆ ಬೇರೆ ಮಾತು.

ಮತ್ತೊಬ್ಬರು (ಅಥಣಿ): ಸರ್, ನಮ್ಮಲ್ಲಿ ತಾಯಿಯೇ ಎರಡು ಮರಿ ತಿಂದಿತು. ಕೈ ಮುಟ್ಟಿದ್ದಕ್ಕಾ?

ಪಶುವೈದ್ಯರು: ಕೈ ಮುಟ್ಟಿದ್ದಕ್ಕೆ ಅಲ್ಲ. ಸಾಕಿದ ಮೊಲ ನಿಮ್ಮ ವಾಸನೆಗೆ ಒಗ್ಗಿರುತ್ತದೆ. ಹೆರುವ ರಾತ್ರಿ ನೀರಿನ ಬಟ್ಟಲು ಖಾಲಿ ಇತ್ತಾ ನೋಡಿ. ನಾಯಿ, ಬೆಕ್ಕು ಸುತ್ತಾಡಿದರೂ ಗಾಬರಿಯಲ್ಲಿ ಹಾಗೆ ಮಾಡುತ್ತದೆ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ): ಸರ್, ಎರಡನೆಯ ಹೆಣ್ಣು ಮೊಲ ಇವತ್ತು ಪೆಟ್ಟಿಗೆಯಲ್ಲೇ ಆರು ಹಾಕಿದೆ. ಒಂದು ಮಾತ್ರ ಹೊರಗೆ ಬಿದ್ದು ತಣ್ಣಗಾಗಿತ್ತು, ಸತ್ತಿದೆ ಅಂತಲೇ ಅಂದುಕೊಂಡೆ. ಮಗಳು ಬಿಡಲಿಲ್ಲ. ಬಿಸಿನೀರಿನ ಬಾಟಲಿಗೆ ಕೌದಿ ಸುತ್ತಿ ಅದರ ಮೇಲಿಟ್ಟುಕೊಂಡು ಒಲೆ ಮುಂದೆ ಕೂತಳು. ಅರ್ಧ ತಾಸಿಗೆ ಬಾಯಿ ತೆರೆಯಿತು! ಆದರೆ ತಾಯಿ ಗೂಡಿನ ಹತ್ತಿರವೇ ಹೋಗುತ್ತಿಲ್ಲ. ಹಾಲು ಕುಡಿಸಲಾ?

ಪಶುವೈದ್ಯರು: ಮಗಳಿಗೆ ಶಾಬಾಸ್ ಹೇಳಿ. ತಣ್ಣಗಾದ ಮರಿ ಬೆಚ್ಚಗಾಗುವವರೆಗೂ ಸತ್ತಿದೆ ಅನ್ನಬಾರದು. ಮೊಲ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಹಾಲು ಕೊಡುತ್ತದೆ, ಅದೂ ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ. ನಿಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ನಾಳೆ ಬೆಳಿಗ್ಗೆ ಒಂದೊಂದೇ ಮರಿ ತಿರುಗಿಸಿ ಹೊಟ್ಟೆ ನೋಡಿ. ತೆಳ್ಳನೆ ಚರ್ಮದೊಳಗೆ ಬಿಳಿ ಹಾಲು ಕಾಣುತ್ತದೆ. ಕಂಡರೆ ಏನೂ ಕುಡಿಸಬೇಡಿ. ಹೊಟ್ಟೆ ಸುಕ್ಕಾಗಿದ್ದರೆ ಇಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು (ಮರುದಿನ): ಆರರಲ್ಲೂ ಕಂಡಿತು ಸರ್. ಒಲೆ ಮುಂದಿನದ್ದಕ್ಕೆ ಸ್ವಲ್ಪ ಕಡಿಮೆ.