ಪ್ಯಾನಿಯರ್ ಟ್ಯಾಂಕ್ ಎಂಜಿನ್ ಸುರಂಗದಲ್ಲಿ ನಿಲ್ಲುತ್ತದೆ: ‘ಒರೆಸಿ ನೋಡಿ’ ಎಂದು ಮಾತ್ರ ಹೇಳಬೇಡಿ

ಕಾಳಿಸೇತುವೆ (ಕಾರವಾರ)
ತಲೆ ಕೆಟ್ಟುಹೋಗಿದೆ. ಹಳಿಯ ವಿದ್ಯುತ್ತಿನಿಂದ ಓಡುವ ಪುಟ್ಟ ಮಾದರಿ ಎಂಜಿನ್: ಓಓ ಗೇಜ್ ಅಳತೆ, ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ವರ್ಗದ ಪ್ಯಾನಿಯರ್ ಟ್ಯಾಂಕ್ (ಬಾಯ್ಲರಿನ ಎರಡೂ ಪಕ್ಕ ನೀರಿನ ತೊಟ್ಟಿ ಇರುವ ಉಗಿ ಎಂಜಿನ್). ಮಳೆಗಾಲದ ಮೊದಲು ಯಾವ ತಕರಾರೂ ಇರಲಿಲ್ಲ. ಈಗ ಸ್ಟೇಷನ್ನಿನಿಂದ ಜೋರಾಗಿ ಹೊರಡುತ್ತದೆ, ತಿರುವು ದಾಟುವಾಗ ಸೊರಗುತ್ತದೆ, ಸುರಂಗದೊಳಗೆ ನಿಂತೇ ಬಿಡುತ್ತದೆ. ಬೆರಳಿನಿಂದ ನೂಕಿದರೆ ಒಂದು ಗೇಣು ಹೋಗಿ ಮತ್ತೆ ಮುಷ್ಕರ. ಹಳಿ ಒರೆಸಿದ್ದೇನೆ, ಚಕ್ರ ಒರೆಸಿದ್ದೇನೆ. ಮೀಟರ್ ಹಿಡಿದರೆ ಸುರಂಗದಲ್ಲಿಯೂ 12 ವೋಲ್ಟ್ ತೋರಿಸುತ್ತದೆ. ಅಂದ ಮೇಲೆ ಹಳಿಯದೇನೂ ದೋಷವಿಲ್ಲ, ಮೋಟಾರ್ ಹೋಗಿದೆ. ಬದಲಿ ಮೋಟಾರ್ ಎಲ್ಲಿ ಸಿಗುತ್ತದೆ ಎಂದು ಹೇಳಿದರೆ ಸಾಕು.

ಶಿರಸಿ_ಭಟ್ಟ
ಪಿಕಪ್, ಅಂದರೆ ಚಕ್ರದಿಂದ ಮೋಟಾರಿಗೆ ವಿದ್ಯುತ್ತು ದಾಟಿಸುವ ಪಟ್ಟಿ. ಬೇರೇನೂ ಅಲ್ಲ. ಟೆಂಡರ್ (ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿ) ಇರುವ ಎಂಜಿನ್ನುಗಳಲ್ಲಿ ಎಷ್ಟೋ ಮಾದರಿಗಳು ಟೆಂಡರಿನ ಚಕ್ರದಿಂದಲೂ ವಿದ್ಯುತ್ತು ಹಿಡಿಯುತ್ತವೆ. ಈ ಟ್ಯಾಂಕ್ ಎಂಜಿನ್ನಿಗೆ ಆ ಆರು ಚಕ್ರಗಳೇ ಗತಿ. ತಳದ ತಟ್ಟೆ ಬಿಚ್ಚಿ. ಚಕ್ರದ ಬೆನ್ನಿಗೆ ಉಜ್ಜುವ ಫಾಸ್ಫರ್ ಕಂಚಿನ ತೆಳ್ಳನೆಯ ಪಟ್ಟಿಗಳು ಕಾಣುತ್ತವೆ, ತುದಿಯಲ್ಲಿ ಕರಿ ಜಿಡ್ಡು ಕೂತಿರುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ತೆಗೆಯಿರಿ. ಆಮೇಲೆ ಪಟ್ಟಿಯನ್ನು ಕೂದಲೆಳೆಯಷ್ಟು ಚಕ್ರದ ಕಡೆಗೆ ಬಗ್ಗಿಸಿ. ಹೆಚ್ಚು ಬಗ್ಗಿಸಿದರೆ ಅದೇ ಬ್ರೇಕ್ ಆಗುತ್ತದೆ.

ಎಣ್ಣೆ ಯಾವುದು ಹಾಕಿದ್ದೀರಿ? ಕೊಬ್ಬರಿ ಎಣ್ಣೆ ಹಾಕಿದವರನ್ನು ಕಂಡಿದ್ದೇನೆ. ಉಷ್ಣತೆ 24 ಡಿಗ್ರಿಗಿಂತ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಶಿರಸಿಯ ಚಳಿಗೆ ಗೇರ್ ಅಲ್ಲಾಡುವುದಿಲ್ಲ.

ಕಾಳಿಸೇತುವೆ
ಭಟ್ಟರೇ, ಪಿಕಪ್ ಒರೆಸಿ ಆಗಿದೆ. ಎಣ್ಣೆ ಹೊಲಿಗೆ ಯಂತ್ರದ್ದು. ಕೊಬ್ಬರಿ ಎಣ್ಣೆ ಹಾಕಲು ಎಂಜಿನ್ನಿಗೇನು ಜಡೆ ಇದೆಯೇ? ಸ್ಟೇಷನ್ನಿನಲ್ಲಿ ಚೆನ್ನಾಗಿಯೇ ಓಡುತ್ತದೆ ಎಂದು ಬರೆದಿದ್ದೇನಲ್ಲ.

ಶಿರಸಿ_ಭಟ್ಟ
ಒರೆಸಿ ಆಗಿದೆ ಎಂದರೆ ಸಾಲದು. ಆರೂ ಪಟ್ಟಿಗಳು ಚಕ್ರಕ್ಕೆ ತಾಗುತ್ತಿವೆಯೇ? ಮಧ್ಯದ ಚಕ್ರ ಅಕ್ಕಪಕ್ಕ ಜರುಗುತ್ತದೆ, ಅಲ್ಲಿಯೇ ಪಟ್ಟಿ ಕೈಕೊಡುವುದು. ತಿರುವಿನಲ್ಲಿ ಸೊರಗುತ್ತದೆ ಎಂದು ನೀವೇ ಬರೆದಿದ್ದೀರಿ. ಇನ್ನೇನು ಸಾಕ್ಷಿ ಬೇಕು?

ಕ್ಯಾಸಲ್‌ರಾಕ್_ಮೀಟರ್‌ಗೇಜ್
ವಿಷಯ ಬಿಟ್ಟು ಒಂದು ಮಾತು. ನೀವು ಹಿಂದೆ ಹಾಕಿದ್ದ ಚಿತ್ರದಲ್ಲಿ ಸ್ಟೇಷನ್ನಿನ ಫಲಕ ‘ಕಾರವಾರ’ ಎಂದಿದೆ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿ 26ರಂದು, ಅದು ಡೀಸೆಲ್ ಕಾಲ. ಅಲ್ಲಿಗೆ ಉಗಿ ಎಂಜಿನ್ ಎಲ್ಲಿಂದ ಬಂತು? ನಮ್ಮ ಜಿಲ್ಲೆಯಲ್ಲಿ ಉಗಿಬಂಡಿ ಬೇಕಿದ್ದರೆ ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಮಾಡಬೇಕು. ಬ್ರಗಾಂಜಾ ಘಾಟಿಯ 1:37 ಏರು, ಆಗಿನ ಮೀಟರ್ ಗೇಜ್. ನಾನು ಅದನ್ನೇ ಕಟ್ಟುತ್ತಿದ್ದೇನೆ. ಗೋಣಿಬಟ್ಟೆ ಮತ್ತು ಪ್ಲಾಸ್ಟರಿನ ಗುಡ್ಡ ಎದ್ದು ನಿಂತಿದೆ, ದೂಧಸಾಗರಕ್ಕೆ ಪಾರದರ್ಶಕ ಸಿಲಿಕೋನ್ ಎಳೆಯುತ್ತಿದ್ದೇನೆ. ಚಿತ್ರ ನಾಳೆ ಹಾಕುತ್ತೇನೆ.

ಕಾಳಿಸೇತುವೆ
1929ರಿಂದ 1950ರವರೆಗೆ ಈ ವರ್ಗದ 863 ಎಂಜಿನ್ನುಗಳನ್ನು ಕಟ್ಟಿದರು. ಅದರಲ್ಲಿ ಒಂದು ದಾರಿ ತಪ್ಪಿ ಕಾಳಿ ನದಿ ದಾಟಿತು ಎಂದುಕೊಳ್ಳಿ. ಮೋಟಾರ್ ಎಲ್ಲಿ ಸಿಗುತ್ತದೆ?

ಕುಮಟಾ_ಹಳಿಗಾರ
ಜಗಳ ಆಮೇಲೆ ಇಟ್ಟುಕೊಳ್ಳಿ ಮಾರಾಯರೇ. ಹಳಿ ಯಾವ ಲೋಹದ್ದು? ಹಳಿಗೆ ವಿದ್ಯುತ್ತು ಕೊಡುವ ಕಂಟ್ರೋಲರಿನ ತಂತಿ ಎಷ್ಟು ಕಡೆ ಹಳಿಗೆ ಸೇರಿದೆ? ಲೇಔಟ್ (ಹಳಿ, ಸ್ಟೇಷನ್ ಎಲ್ಲ ಕಟ್ಟಿದ ಹಲಗೆ) ಮನೆಯ ಯಾವ ಭಾಗದಲ್ಲಿದೆ? 12 ವೋಲ್ಟ್ ಅಳೆದಾಗ ಎಂಜಿನ್ ಹಳಿಯ ಮೇಲೆ ಇತ್ತೋ ಇಲ್ಲವೋ?

ಕಾಳಿಸೇತುವೆ
ನಿಕಲ್ ಸಿಲ್ವರ್. ತಂತಿ ಸ್ಟೇಷನ್ನಿನಲ್ಲಿ ಮಾತ್ರ, ಮತ್ತೆಲ್ಲಿ ಕೊಡುತ್ತಾರೆ? ಲೇಔಟ್ ಮಹಡಿಯ ಜಗಲಿಯಲ್ಲಿದೆ, ಕಿಟಕಿ ಸಮುದ್ರದ ಕಡೆಗೆ. ಸುರಂಗದ ಆಚೀಚೆ ಮೇ ತಿಂಗಳಲ್ಲಿ ತಿಳಮಾತಿ ಕಡಲತೀರದ ಕಪ್ಪು ಮರಳನ್ನು ಅಂಟಿಸಿದ್ದೇನೆ, ಎಂಜಿನ್ ಬೂದಿ ಚೆಲ್ಲಿದಂತೆಯೇ ಕಾಣುತ್ತದೆ. ಎಂಜಿನ್ನನ್ನು ತೆಗೆದಿಟ್ಟು ಅಳೆದೆ, ಇಲ್ಲದಿದ್ದರೆ ಮೀಟರಿನ ಕಡ್ಡಿ ಸುರಂಗದೊಳಗೆ ಹೋಗುವುದಿಲ್ಲ. ಇದಕ್ಕೂ ಮೋಟಾರಿಗೂ ಏನು ಸಂಬಂಧ?

ಕುಮಟಾ_ಹಳಿಗಾರ
ಎಲ್ಲವೂ ಇದರಲ್ಲಿಯೇ ಇದೆ.

ಸ್ಟೇಷನ್ನಿನಿಂದ ಸುರಂಗದವರೆಗೆ ವಿದ್ಯುತ್ತು ಹೋಗುವುದು ಹಳಿ ಜೋಡಿಸುವ ಫಿಶ್‌ಪ್ಲೇಟುಗಳ ಮೂಲಕ. ಉಪ್ಪುಗಾಳಿ, ಜೊತೆಗೆ ಒಂದು ಮಳೆಗಾಲ. ಹಳಿಯ ಮೇಲ್ಮೈಯನ್ನು ನೀವು ಒರೆಸುತ್ತೀರಿ, ಫಿಶ್‌ಪ್ಲೇಟಿನ ಒಳಗೆ ಕಿಲುಬು ಕೂತರೆ ಯಾರು ಒರೆಸುತ್ತಾರೆ? ಒಂದೊಂದು ಜೋಡಣೆಯಲ್ಲಿಯೂ ಸ್ವಲ್ಪ ಸ್ವಲ್ಪ ರೋಧ ಸೇರಿ ಒಟ್ಟು 20 ಓಮ್ ಆಯಿತು ಎನ್ನಿ. ಎಂಜಿನ್ 0.2 ಆಂಪಿಯರ್ ಎಳೆದರೆ 4 ವೋಲ್ಟ್ ದಾರಿಯಲ್ಲಿಯೇ ಖರ್ಚು. ಡಿಜಿಟಲ್ ಮೀಟರ್ ಎಳೆಯುವ ವಿದ್ಯುತ್ತು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಎಂಜಿನ್ ಇಲ್ಲದೆ ಅಳೆದರೆ ಅದು 12 ಎಂದೇ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಮೋಟಾರ್ ಕೊಳ್ಳಬೇಡಿ.

ಬೈಕ್ ಗ್ಯಾರೇಜಿನಲ್ಲಿ 12 ವೋಲ್ಟಿನ 5 ವಾಟ್ ಬಲ್ಬ್ ಸಿಗುತ್ತದೆ. ಅದಕ್ಕೆ ಎರಡು ತಂತಿ ಸೇರಿಸಿ ಸುರಂಗದ ಎರಡು ಹಳಿಗಳಿಗೆ ಮುಟ್ಟಿಸಿ, ಬಲ್ಬ್ ಉರಿಯುತ್ತಿರುವಾಗ ಅಳೆಯಿರಿ. ಸ್ಟೇಷನ್ನಿನಲ್ಲಿಯೂ ಹಾಗೆಯೇ ಮಾಡಿ.

ಶಿರಸಿ_ಭಟ್ಟ
ಅಳೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಮಧ್ಯದ ಚಕ್ರದ ಪಿಕಪ್ ನೋಡದೆ ಏನೂ ತೀರ್ಮಾನವಾಗುವುದಿಲ್ಲ.

ಅಂಕೋಲಾ_ಬೆಸುಗೆ
ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮರಳು. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಹಾಕಿದಿರೋ, ಹಾಗೆಯೇ ತಂದು ಅಂಟಿಸಿದಿರೋ? ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳಿಯ ಬುಡ ಸದಾ ಒದ್ದೆಯಾಗಿಯೇ ಇರುತ್ತದೆ. ಇನ್ನೊಂದು, ಸ್ವಲ್ಪ ಮರಳನ್ನು ಕಾಗದದ ಮೇಲೆ ಹರಡಿ, ಅಡಿಯಲ್ಲಿ ಆಯಸ್ಕಾಂತ ಓಡಾಡಿಸಿ. ಕಣಗಳು ಹಿಂದೆಯೇ ಬಂದರೆ ಅವು ನಿಮ್ಮ ಮೋಟಾರಿನ ಆಯಸ್ಕಾಂತವನ್ನೂ ಬಿಡುವುದಿಲ್ಲ.

ನನ್ನ ಲೇಔಟಿನಲ್ಲಿ ಪ್ರತಿಯೊಂದು ತುಂಡು ಹಳಿಗೂ ಅಡಿಯಿಂದ ಬೇರೆ ತಂತಿ ಇದೆ. ಫಿಶ್‌ಪ್ಲೇಟಿನ ಕೆಲಸ ಹಳಿಯನ್ನು ನೇರ ಹಿಡಿಯುವುದು ಮಾತ್ರ. ಹಲಗೆಯ ಅಡಿಯಲ್ಲಿ ಕೆಂಪು, ಕಪ್ಪು ಎರಡು ದಪ್ಪ ತಂತಿಗಳನ್ನು ಉದ್ದಕ್ಕೂ ಎಳೆದು ಅಲ್ಲಿಂದ ಕವಲು ತೆಗೆಯಿರಿ. ಬೆಸುಗೆಗೆ ರಾಳದ ಫ್ಲಕ್ಸ್ ಬಳಸಿ, ಆಮ್ಲದ್ದು ಬೇಡ, ಅದೇ ಹಳಿಯನ್ನು ತಿನ್ನುತ್ತದೆ.

ಕ್ಯಾಸಲ್‌ರಾಕ್_ಮೀಟರ್‌ಗೇಜ್
ಗುಡ್ಡದ ಚಿತ್ರ ಹಾಕಿದ್ದೇನೆ. ಟ್ಯಾಂಕ್ ಎಂಜಿನ್ನಿನ ಮಾತೇ ಆದರೆ ನೀಲಗಿರಿಯ ಎಕ್ಸ್ ವರ್ಗದ ಮುಂದೆ ಈ ಪ್ಯಾನಿಯರ್ ಏನು? ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಿದ್ದು, ಹಲ್ಲುಹಳಿ ಹತ್ತುವುದಕ್ಕೇ ಪ್ರತ್ಯೇಕ ಸಿಲಿಂಡರುಗಳು. ನನ್ನ ಮುಂದಿನ ಕೆಲಸ ಅದೇ.

ಕುಮಟಾ_ಹಳಿಗಾರ
ಚಿತ್ರ ಚೆನ್ನಾಗಿದೆ. ಅದಕ್ಕೊಂದು ಬೇರೆ ಚರ್ಚೆ ತೆರೆಯಿರಿ.

ಕಾಳಿಸೇತುವೆ
ಬಲ್ಬ್ ತಂದೆ. ಉರಿಯುತ್ತಿರುವಾಗ ಸ್ಟೇಷನ್ನಿನಲ್ಲಿ 11.6, ಸುರಂಗದಲ್ಲಿ 5ರ ಆಸುಪಾಸು. ಕಂಟ್ರೋಲರಿನಿಂದ ಎರಡು ಉದ್ದದ ತಂತಿಗಳನ್ನು ನೇರವಾಗಿ ಸುರಂಗದ ಹಳಿಗೆ ಹಿಡಿದ ಕೂಡಲೇ ಎಂಜಿನ್ ಹೊರಗೆ ಹಾರಿ ಬಂತು. ಇಷ್ಟು ಒಪ್ಪುತ್ತೇನೆ. ಆದರೆ ಈಗ ನಿಧಾನವಾಗಿ ಓಡಿಸಿದರೆ ಒಳಗಿನಿಂದ ಕರಕರ ಎನ್ನುತ್ತದೆ. ಆದ್ದರಿಂದ ಮೋಟಾರ್ ಬೇಕೇ ಬೇಕು.

ಅಂಕೋಲಾ_ಬೆಸುಗೆ
ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಮೇಲಿನ ಕವಚ ತೆಗೆದು ವರ್ಮ್ (ಮೋಟಾರಿನ ದಂಡದ ಮೇಲಿನ ತಿರುಪು) ಮತ್ತು ಗೇರಿನ ನಡುವೆ ಬೆಳಕು ಬಿಟ್ಟು ನೋಡಿ, ಕಪ್ಪು ಹರಳು ಕಂಡರೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಊದಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮರಳಿಗೆ ಆಯಸ್ಕಾಂತ ಹಿಡಿದಿರೋ ಇಲ್ಲವೋ, ಅದನ್ನು ನೀವು ಹೇಳಲೇ ಇಲ್ಲ.

ಹೊನ್ನಾವರ_ಎನ್‌ಗೇಜ್
ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಡೀಸೆಲ್ ಎಂಜಿನ್ ಕೂಡ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮರಳು ಗಿರಳು ಏನೂ ಹಾಕಿಲ್ಲ.

ಶಿರಸಿ_ಭಟ್ಟ
ತಳದ ತಟ್ಟೆ ಬಿಚ್ಚಿ ಒಂದು ಚಿತ್ರ ಹಾಕಿ.

ಕುಮಟಾ_ಹಳಿಗಾರ
ಅದಕ್ಕಿಂತ ಮೊದಲು, ನಿಲ್ಲುವ ಜಾಗದಲ್ಲಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಇದೆಯೇ? ಇದ್ದರೆ ಅದರ ನಡುವೆ ಹಳಿಗಳು ಒಂದನ್ನೊಂದು ದಾಟುವ ಕತ್ತರಿ ಪ್ಲಾಸ್ಟಿಕ್ಕಿನದೋ ಲೋಹದ್ದೋ?